ಡಾಕ್ಟರ್ ವ್ಯಾನ್‌ಡೈಕ್ ಕಾರ್ಟರರೂ ಬರಿಗಾಲಿನ ಬೇನೆಯೂ

ಆದೋನಿಯಿಂದ ತುಂಗಭದ್ರೆಯ ದಂಡೆಯ ವರೆಗೆ ಹಬ್ಬಿರುವ ನಮ್ಮ ಎರೆಭೂಮಿಯಲ್ಲಿ ಬರಿಗಾಲಿನಿಂದ ನಡೆದಾಡುವ ಒಕ್ಕಲುಮಕ್ಕಳಿಗೆ ಮುಳ್ಳು ಅಪರಿಚಿತ ವಸ್ತುವಲ್ಲ. ಬೇಲಿಯಲ್ಲಿ ಜಾಲಿ, ಬದುವಿನಲ್ಲಿ ಬೋರೆ, ಕಾಲುದಾರಿಯಲ್ಲಿ ನೆಗ್ಗಿಲು. ಚುಚ್ಚಿದ ಮುಳ್ಳನ್ನು ಕಿತ್ತು, ಎಕ್ಕದ ಹಾಲನ್ನೋ ಸುಣ್ಣವನ್ನೋ ಹಚ್ಚಿ, ಮತ್ತೆ ಕುಂಟೆಯ ಹಿಂದೆ ನಡೆಯುವುದು ಇಲ್ಲಿಯ ವಾಡಿಕೆ. ಬಹುಮಟ್ಟಿಗೆ ಸಂಗತಿಯು ಅಲ್ಲಿಗೇ ಮುಗಿದುಹೋಗುತ್ತದೆ. ಎಲ್ಲಿಯೋ ಒಬ್ಬನಿಗೆ ಮಾತ್ರ, ಮುಳ್ಳು ಚುಚ್ಚಿದುದನ್ನು ಮರೆತ ಎಷ್ಟೋ ತಿಂಗಳುಗಳ ಮೇಲೆ, ಪಾದದಲ್ಲಿ ನೋವಿಲ್ಲದ ಒಂದು ಗಂಟು ಕಾಣಿಸಿಕೊಳ್ಳುತ್ತದೆ. ಅದು ಮೆಲ್ಲಮೆಲ್ಲನೆ ಬೆಳೆದು, ಅಲ್ಲಲ್ಲಿ ಬಾಯಿಬಿಟ್ಟು, ಕೀವಿನೊಡನೆ ಸಾಸಿವೆಯಂಥ ಅಥವಾ ಅದಕ್ಕಿಂತಲೂ ಸಣ್ಣನೆಯ ಕಾಳುಗಳನ್ನು ಹೊರಗೆಡಹತೊಡಗುತ್ತದೆ. ವರುಷಗಳು ಉರುಳಿದಂತೆ ಪಾದವು ಹುತ್ತದಂತೆ ಉಬ್ಬಿ, ಒಳಗಿನ ಎಲುಬು ಜರಡಿಯಾಗುತ್ತದೆ. ಈ ಬೇನೆಯು ಒಂದು ಬಗೆಯ ಬೂಷ್ಟಿನಿಂದ, ಎಂದರೆ ಶಿಲೀಂಧ್ರದಿಂದ, ಉಂಟಾಗುವುದೆಂದು ಪ್ರಮಾಣಸಹಿತವಾಗಿ ತೋರಿಸಿ ಇದಕ್ಕೆ ಮೈಸಿಟೋಮವೆಂಬ ಹೆಸರಿತ್ತವರು ಡಾಕ್ಟರ್ ಹೆನ್ರಿ ವ್ಯಾನ್‌ಡೈಕ್ ಕಾರ್ಟರರು. ಆ ಮಹನೀಯರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ನಾವು ಹೊರಟಿದ್ದೇವೆ.

ಈ ವ್ಯಾಧಿಯ ಚರಿತ್ರೆಯಲ್ಲಿ ನಮ್ಮ ಸೀಮೆಯ ಹೆಸರು ಮೊದಮೊದಲಿಗೇ ಬರುತ್ತದೆಂಬುದನ್ನು ವಾಚಕರು ಅರಿಯತಕ್ಕದ್ದು. ೧೮೪೨ರಲ್ಲಿ ಮಧುರೆಯ ಔಷಧಾಲಯದ ವೈದ್ಯ ಗಿಲ್ ಎಂಬವರು ಇದನ್ನು ವರದಿ ಮಾಡಿದರು; ಅದರಿಂದಲೇ ಆಂಗ್ಲ ವೈದ್ಯರ ಬಾಯಲ್ಲಿ ಇದು ಮಧುರೆಯ ಪಾದವೆನಿಸಿತು. ೧೮೪೬ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಗೆ ಇದೇ ಬೇನೆಯ ವಿವರಗಳನ್ನು ಬರೆದು ಕಳುಹಿದವರು ಬಳ್ಳಾರಿಯಲ್ಲಿದ್ದ ವೈದ್ಯ ಗಾಡ್‌ಫ್ರೆ. ಆ ಕಾಲಕ್ಕೆ ಆದೋನಿ, ಆಲೂರು, ರಾಯದುರ್ಗಗಳೆಲ್ಲವೂ ಬಳ್ಳಾರಿಯ ಆಡಳಿತಕ್ಕೆ ಒಳಪಟ್ಟಿದ್ದುವು. ೧೯೫೩ನೆಯ ಇಸವಿ ಅಕ್ಟೋಬರ್ ೧ರ ವರೆಗೂ ಹಾಗೆಯೇ ಇದ್ದುವೆಂಬುದು ನಮ್ಮ ಹಿರಿಯರಿಗೆಲ್ಲ ತಿಳಿದ ವಿಷಯ. ಇನ್ನು ಪ್ರಾಚೀನರನ್ನು ಕೇಳಿದರೆ, ಸುಶ್ರುತ ಸಂಹಿತೆಯಲ್ಲಿ ಕೈಕಾಲುಗಳಲ್ಲಿ ಹುತ್ತದಂತೆ ಬೆಳೆದು ಹಲವು ಬಾಯಿಗಳಿಂದ ಸುರಿಯುವ ವಲ್ಮೀಕವೆಂಬ ರೋಗದ ವರ್ಣನೆಯುಂಟು. ಈ ಬೇನೆಯೇ ಅದಾಗಿರಬಹುದೆಂದು ಅನೇಕ ಪಂಡಿತರು ಭಾವಿಸುತ್ತಾರೆ. ಹೆಸರು ಹಳೆಯದಾದರೂ ಕಾರಣ ಮಾತ್ರ ಮರೆಯಲ್ಲಿಯೇ ಉಳಿದಿದ್ದಿತು.

ಕಾರ್ಟರರು ಜನಿಸಿದುದು ೧೮೩೧ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಹಲ್ ಎಂಬ ರೇವುಪಟ್ಟಣದಲ್ಲಿ. ತಂದೆ ಹೆನ್ರಿ ಬಾರ್ಲೋ ಕಾರ್ಟರ್ ಜಲವರ್ಣದ ಚಿತ್ರಕಾರರು. ಮಗನ ಹೆಸರಿನಲ್ಲಿ ವ್ಯಾನ್ ಡೈಕ್ ಎಂಬ ಪ್ರಸಿದ್ಧ ಚಿತ್ರಕಾರನ ಹೆಸರನ್ನು ಸೇರಿಸಿದ್ದು ಅವರ ಅಭಿರುಚಿಗೆ ಸಾಕ್ಷಿ. ಕುಂಚ ಹಿಡಿಯುವ ಮನೆಯಲ್ಲಿ ಬೆಳೆದ ಬಾಲಕನ ಕೈಗೆ ರೇಖೆಗಳು ತಾನಾಗಿಯೇ ಒಲಿದುವು. ಆದರೆ ಅವರು ಆರಿಸಿಕೊಂಡುದು ವೈದ್ಯವೃತ್ತಿಯನ್ನು. ಹದಿಹರೆಯದಲ್ಲಿಯೇ ಲಂಡನ್ನಿಗೆ ಬಂದು ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವ್ಯಾಸಂಗ ಮಾಡಿ, ಆ ಬಳಿಕ ಶಸ್ತ್ರವೈದ್ಯರ ರಾಜಕೀಯ ಕಾಲೇಜಿನಲ್ಲಿ ರಿಚರ್ಡ್ ಓವೆನ್, ಜಾನ್ ಕ್ವೆಕೆಟ್ ಮುಂತಾದ ಪ್ರಾಜ್ಞರ ಬಳಿ ಅಂಗರಚನೆಯನ್ನೂ ಸೂಕ್ಷ್ಮದರ್ಶಕದ ಬಳಕೆಯನ್ನೂ ಅಭ್ಯಸಿಸಿದರು. ಚಿತ್ರಕಾರನ ಕೈ, ಸೂಕ್ಷ್ಮದರ್ಶಕದ ಕಣ್ಣು: ಈ ಎರಡೂ ಒಬ್ಬನಲ್ಲಿಯೇ ಕೂಡಿದುದು ಮುಂದೆ ನಮ್ಮ ದೇಶದ ಬಡವರ ಪಾಲಿಗೆ ದೊಡ್ಡ ಭಾಗ್ಯವಾಯಿತು.

ಅದೇ ಆಸ್ಪತ್ರೆಯಲ್ಲಿ ಹೆನ್ರಿ ಗ್ರೇ ಎಂಬ ಚುರುಕಾದ ಶಸ್ತ್ರವೈದ್ಯರಿದ್ದರು. ವಿದ್ಯಾರ್ಥಿಗಳ ಕೈಗೆಟುಕುವಂಥ ಒಂದು ಅಂಗರಚನಾಶಾಸ್ತ್ರದ ಗ್ರಂಥವನ್ನು ರಚಿಸುವ ಯೋಜನೆಯನ್ನು ಅವರು ಹೂಡಿದರು. ಚಿತ್ರಗಳ ಹೊಣೆ ಕಾರ್ಟರರದಾಯಿತು. ೧೮೫೬ ಮತ್ತು ೧೮೫೭ ಈ ಎರಡು ವರ್ಷಗಳಲ್ಲಿ ಇಬ್ಬರೂ ಜೊತೆಯಾಗಿ ಶವಗಳನ್ನು ಛೇದಿಸಿ ನೋಡಿ, ಒಬ್ಬರು ಬರೆಯುತ್ತಲೂ ಮತ್ತೊಬ್ಬರು ಚಿತ್ರಿಸುತ್ತಲೂ ದುಡಿದರು. ೧೮೫೮ರಲ್ಲಿ ಗ್ರಂಥವು ಹೊರಬಿದ್ದಾಗ ಅದರಲ್ಲಿ ೩೬೩ ಚಿತ್ರಗಳಿದ್ದುವು. ಅಚ್ಚಿನ ಮರದ ಹಲಗೆಯ ಮೇಲೆ ಎಲ್ಲವನ್ನೂ ತಿರುವುಮುರುವಾಗಿ ಬರೆಯಬೇಕಾಗಿದ್ದ ಕಾಲವದು. ಎಲುಬು, ನರ, ಸ್ನಾಯುಗಳ ಹೆಸರುಗಳನ್ನು ಪುಟದ ಅಂಚಿನಲ್ಲಿ ಪಟ್ಟಿಮಾಡದೆ ಆಯಾ ಅಂಗದ ಮೇಲೆಯೇ ಬರೆದ ಕಾರ್ಟರರ ಕ್ರಮವನ್ನು ಪಾಠಹೇಳುವ ನಮ್ಮಂಥವರು ಮೆಚ್ಚದಿರಲಾರೆವು. ನೋಡುವ ಕಣ್ಣು ಅತ್ತಿತ್ತ ಅಲೆಯಬೇಕಾಗಿಲ್ಲ.

ಗ್ರಂಥವು ಜಗತ್ಪ್ರಸಿದ್ಧವಾಯಿತು. ಇಂದಿಗೂ ಪರಿಷ್ಕರಣಗಳನ್ನು ಕಾಣುತ್ತ ವೈದ್ಯವಿದ್ಯಾರ್ಥಿಗಳ ಮೇಜಿನ ಮೇಲಿದೆ. ಆದರೆ ಪ್ರಸಿದ್ಧವಾದುದು ಗ್ರೇ ಅವರ ಹೆಸರಿನಿಂದ. ಕಾರ್ಟರರಿಗೆ ಸಂದುದು ಒಂದೇ ಬಾರಿಗೆ ೧೫೦ ಪೌಂಡುಗಳ ಸಂಭಾವನೆ. ಮಾರಾಟದ ಗೌರವಧನ ಗ್ರೇ ಅವರಿಗೆ. ಮುಖಪುಟದ ಕರಡಚ್ಚಿನಲ್ಲಿ ಕಾರ್ಟರರ ಹೆಸರಿನ ಅಕ್ಷರಗಳನ್ನು ಚಿಕ್ಕದಾಗಿಸಬೇಕೆಂದು ಗ್ರೇ ಅವರೇ ಸೂಚಿಸಿದರೆಂಬುದನ್ನು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಇದು ಉಚಿತವಾಗಿರಲಿಲ್ಲವೆಂದೇ ನಮ್ಮ ಅಭಿಪ್ರಾಯ. ಗ್ರೇ ಅವರೂ ಆ ಕೀರ್ತಿಯನ್ನು ಬಹುಕಾಲ ಅನುಭವಿಸಲಿಲ್ಲ. ೧೮೬೧ರಲ್ಲಿ ಸಿಡುಬಿನಿಂದ ತೀರಿಕೊಂಡರು.

ಪುಸ್ತಕವು ಅಂಗಡಿಗೆ ಬರುವ ವೇಳೆಗೆ ಕಾರ್ಟರರು ಲಂಡನ್ನಿನಲ್ಲಿರಲಿಲ್ಲ. ಭಾರತದ ವೈದ್ಯಸೇವೆಗೆ ಸೇರಿ ೧೮೫೮ರಲ್ಲಿ ಮುಂಬಯಿಗೆ ಬಂದಿಳಿದಿದ್ದರು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಮತ್ತು ಶರೀರಕ್ರಿಯೆಗಳ ಪ್ರಾಧ್ಯಾಪಕತ್ವ, ಅದಕ್ಕೆ ಹೊಂದಿದ ಜಮಶೇಟಜಿ ಜೀಜೀಭಾಯಿ ಆಸ್ಪತ್ರೆಯಲ್ಲಿ ಸಹಾಯಕ ಶಸ್ತ್ರವೈದ್ಯನ ಕೆಲಸ, ಇವು ಅವರ ಪಾಲಿಗೆ ಬಂದುವು. ಅಂತರ್ಮುಖಿಯೂ ದೈವಭೀರುವೂ ಆಗಿದ್ದ ಅವರು ಚಿಕ್ಕಂದಿನಿಂದ ದಿನಚರಿ ಬರೆದಿಡುತ್ತಿದ್ದರು. ಅದು ಲಂಡನ್ನಿನಲ್ಲಿ ಇಂದಿಗೂ ಸುರಕ್ಷಿತವಾಗಿದೆ. ೧೮೫೯ರಲ್ಲಿ ಮಾಡಿಕೊಂಡ ವಿವಾಹವು ಅವರಿಗೆ ಸುಖವನ್ನು ತರಲಿಲ್ಲ. ಮನೆಯಲ್ಲಿ ದೊರೆಯದ ಶಾಂತಿಯನ್ನು ಅವರು ಆಸ್ಪತ್ರೆಯ ಕೆಲಸದಲ್ಲಿ ಅರಸಿದರೆಂದು ತೋರುತ್ತದೆ.

ಆ ಆಸ್ಪತ್ರೆಗೆ ಹಳ್ಳಿಗಳಿಂದ ಊದಿದ ಪಾದಗಳನ್ನು ಎಳೆದುಕೊಂಡು ರೈತರು ಬರುತ್ತಿದ್ದರು. ಆಗಿನ ಕಾಲಕ್ಕೆ ಇದ್ದ ಚಿಕಿತ್ಸೆ ಒಂದೇ, ಕಾಲನ್ನು ಕತ್ತರಿಸುವುದು. ಮತ್ತೆ ಕೆಲವರು ಇದನ್ನು ಕ್ಷಯವೆಂದರು, ಎಲುಬಿನ ಕೊಳೆತವೆಂದರು. ಕಾರ್ಟರರು ಕತ್ತರಿಸಿ ತೆಗೆದ ಪಾದಗಳನ್ನು ಉದ್ದಕ್ಕೆ ಸೀಳಿ, ಪದರ ಪದರವಾಗಿ ಪರೀಕ್ಷಿಸಿದರು. ಮಾಂಸದಲ್ಲಿ ಕೊಳವೆಗಳಂತೆ ಹರಿದ ಮಾರ್ಗಗಳು; ಎಲುಬಿನಲ್ಲಿ ಗುಂಡಗೆ ಕೊರೆದ ಗೂಡುಗಳು; ಆ ಗೂಡುಗಳ ತುಂಬ ಕರಿಯ ಕಾಳುಗಳು, ಬೇರೆ ರೋಗಿಗಳಲ್ಲಿ ಹಳದಿ ಬಿಳುಪಿನ ಕಾಳುಗಳು. ಕರಿಯ ಕಾಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಅದು ಕಾಳಲ್ಲ, ಕವಲೊಡೆದ ಎಳೆಗಳು ಒತ್ತಾಗಿ ಹೆಣೆದುಕೊಂಡ ಉಂಡೆ. ಹಳಸಿದ ರೊಟ್ಟಿಯ ಮೇಲೆ ನಮ್ಮ ಗೃಹಿಣಿಯರು ಕಾಣುವ ಬೂಷ್ಟಿನ ಎಳೆಗಳಂಥವೇ ಎಳೆಗಳು. ೧೮೬೦ರಲ್ಲಿ ಮುಂಬಯಿಯ ವೈದ್ಯಸಭೆಯ ವರದಿಗಳಲ್ಲಿ ಅವರು ಇದನ್ನು ಪ್ರಕಟಿಸಿದರು. ಬೂಷ್ಟು ಎಂಬರ್ಥದ ಗ್ರೀಕ್ ಪದಕ್ಕೆ ಗಡ್ಡೆ ಎಂಬರ್ಥದ ಪ್ರತ್ಯಯವನ್ನು ಸೇರಿಸಿ ಮೈಸಿಟೋಮವೆಂಬ ಹೆಸರನ್ನು ಕಟ್ಟಿದವರೂ ಅವರೇ. ರೋಗಕ್ರಿಮಿಗಳ ಸಿದ್ಧಾಂತವೇ ಇನ್ನೂ ಬಲಗೊಳ್ಳದಿದ್ದ ಕಾಲದಲ್ಲಿ, ಕ್ಷಯದ ಕ್ರಿಮಿಯನ್ನು ಕಾಖ್ ಪಂಡಿತರು ಸಾರುವುದಕ್ಕೆ ೨೨ ವರ್ಷಗಳ ಮೊದಲು, ಮನುಷ್ಯನ ಎಲುಬನ್ನು ಕೊರೆಯುವ ಶಕ್ತಿ ಒಂದು ಬೂಷ್ಟಿಗಿದೆಯೆಂದು ಹೇಳಲು ಧೈರ್ಯ ಬೇಕಾಗಿದ್ದಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ, ಮಣ್ಣಿನಲ್ಲಿ, ಕಣದ ಹೊಟ್ಟಿನಲ್ಲಿ ಎಲ್ಲೆಲ್ಲಿಯೂ ಇವೆ. ದಿನಂಪ್ರತಿ ನಾವು ಅವುಗಳನ್ನು ಉಸಿರಿನೊಡನೆ ಒಳಗೆ ಎಳೆದುಕೊಳ್ಳುತ್ತೇವೆ. ಹೀಗಿದ್ದೂ ಎಲ್ಲರ ಮೈಯೂ ಏಕೆ ಬೂಷ್ಟು ಹಿಡಿಯುವುದಿಲ್ಲ? ಕಾರ್ಟರರ ಚಿತ್ರಗಳಲ್ಲಿ ಕಾಳಿನ ಸುತ್ತಲೂ ಕಾಣುವ ಮೆತ್ತನೆಯ ಆವರಣವು ಈ ಪ್ರಶ್ನೆಗೆ ಉತ್ತರದ ಮೊದಲ ಅಕ್ಷರವಾಗಿದ್ದಿತು. ಅದನ್ನು ಓದಿದವರು ಬೇರೊಬ್ಬರು.

ಅದನ್ನು ಹೇಳುವ ಮೊದಲು ಒಂದು ಶಬ್ದದ ವಿಚಾರ. ದೇಹದ ಯಾವುದಾದರೂ ಭಾಗವು ಕೆಂಪಾಗಿ, ಬಿಸಿಯೇರಿ, ಊದಿ, ನೋಯುವುದನ್ನು ಕನ್ನಡದಲ್ಲಿ ಉರಿಯೂತವೆನ್ನುತ್ತೇವೆ. ಉರಿ, ಊತ ಎಂಬ ಎರಡು ಅಚ್ಚಗನ್ನಡ ಪದಗಳು ಸೇರಿ ಆದ ಸಮಾಸವಿದು. ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಎಣಿಸಿಟ್ಟಿದ್ದನು. ನಮ್ಮ ಶಬ್ದದಲ್ಲಿ ಅವುಗಳ ಪೈಕಿ ಎರಡು ಹುದುಗಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆದರೆ ಸೆಲ್ಸಸನ ಕಾಲದಿಂದ ಕಾರ್ಟರರ ಕಾಲದ ವರೆಗೂ ಉರಿಯೂತವೇ ಒಂದು ಕೇಡೆಂಬ ಭಾವನೆ ಬಲವಾಗಿದ್ದಿತು. ಅದು ದೇಹದ ಕಾವಲುಗಾರರ ಓಡಾಟವೆಂಬುದನ್ನು ತೋರಿಸಿದವರು ರಷ್ಯಾ ದೇಶದ ಇಲ್ಯಾ ಮೆಚ್ನಿಕಾಫರು.

ಆಶ್ಚರ್ಯವೆಂದರೆ ಅವರ ಶೋಧಕ್ಕೂ ಮುಳ್ಳೇ ಕಾರಣ. ೧೮೮೨ರಲ್ಲಿ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ ಸಮುದ್ರದ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗಳ ಮೈಗೆ ಅವರು ಗುಲಾಬಿಯ ಮುಳ್ಳುಗಳನ್ನು ಚುಚ್ಚಿ, ಮರುದಿನ ಬೆಳಗ್ಗೆ ನೋಡಿದರು. ಮುಳ್ಳಿನ ಸುತ್ತಲೂ ಅಲೆಮಾರಿ ಜೀವಕೋಶಗಳು ಮುತ್ತಿಕೊಂಡಿದ್ದುವು. ಎರಡು ವರ್ಷಗಳ ಮೇಲೆ, ೧೮೮೪ರಲ್ಲಿ, ನೀರಚಿಗಟದ ಮೇಲೆ ಮಾಡಿದ ಪರೀಕ್ಷೆಯು ನಮ್ಮ ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರವಾದುದು. ಕೆರೆಯ ನೀರಿನಲ್ಲಿರುವ ಈ ಅಣುಜೀವಿಯು ಆಹಾರದೊಡನೆ ಒಂದು ಬಗೆಯ ಶಿಲೀಂಧ್ರದ ಸೂಜಿಯಾಕಾರದ ಬೀಜಕಣಗಳನ್ನು ನುಂಗುತ್ತದೆ. ಆ ಸೂಜಿಗಳು ಕರುಳನ್ನು ತೂರಿ ಒಡಲೊಳಗೆ ಬರುತ್ತವೆ. ಒಡನೆಯೇ ಚಿಗಟದ ರಕ್ತಕಣಗಳು ಅವುಗಳನ್ನು ಸುತ್ತುವರಿದು ಕರಗಿಸಿಬಿಡುತ್ತವೆ. ಕರಗಿಸಲಾರದಷ್ಟು ಸೂಜಿಗಳು ಬಂದರೆ ಶಿಲೀಂಧ್ರವು ಮೊಳೆತು, ಒಡಲೆಲ್ಲ ತುಂಬಿ, ಚಿಗಟವು ಸಾಯುತ್ತದೆ. ನುಂಗುವ ಈ ಕಣಗಳಿಗೆ ಭಕ್ಷಕ ಕೋಶಗಳೆಂಬ ಹೆಸರಾಯಿತು. ಹೀಗೆ ದೇಹದ ರೋಗನಿರೋಧಕ ಶಕ್ತಿಯನ್ನು ಮೊತ್ತಮೊದಲು ಕಣ್ಣಾರೆ ಕಂಡುದು ಬೂಷ್ಟಿನೊಡನೆ ನಡೆದ ಕಾಳಗದಲ್ಲಿಯೇ. ೧೯೦೮ರಲ್ಲಿ ಮೆಚ್ನಿಕಾಫರಿಗೆ ಪಾಲ್ ಎರ್ಲಿಕ್ ಪಂಡಿತರೊಡನೆ ನೊಬೆಲ್ ಪಾರಿತೋಷಕವು ದೊರೆಯಿತು.

ಅಲ್ಲಿಂದೀಚೆಗೆ ಈ ಶಾಸ್ತ್ರವು ಬಹಳ ದೂರ ಸಾಗಿದೆ. ನಮ್ಮ ಮನೆಗಳಲ್ಲಿ ತಿಳಿದಿರತಕ್ಕಷ್ಟನ್ನು ಇಲ್ಲಿ ಹೇಳುತ್ತೇವೆ. ಮೊದಲನೆಯ ಕೋಟೆ ಚರ್ಮ. ಹರಿಯದ ಚರ್ಮವನ್ನು ದಾಟಿ ಒಳಕ್ಕೆ ಇಳಿಯುವುದು ಬೂಷ್ಟಿಗೆ ಸುಲಭವಲ್ಲ. ಗಜಕರ್ಣದಂಥವು ಹೊರಪದರದಲ್ಲಿಯೇ ಉಳಿದುಬಿಡುತ್ತವೆ. ಎರಡನೆಯ ಕಾವಲು ಮೈಯ ಬಿಸಿ. ಮಣ್ಣಿನಲ್ಲಿ ಸುಖವಾಗಿರುವ ಬಹುಪಾಲು ಶಿಲೀಂಧ್ರಗಳು ೩೭ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಬೆಳೆಯಲಾರವು. ಮುಳ್ಳಿನ ಮೊನೆಯೊಡನೆ ಒಳಹೊಕ್ಕು, ಬಿಸಿಯನ್ನೂ ತಾಳಿಕೊಂಡ ಕೆಲವನ್ನು ಎದುರಿಸುವುದಕ್ಕೆ ಭಕ್ಷಕ ಕೋಶಗಳು ಬೇಕು.

ಈ ಕೋಶಗಳಿಗೆ ಶತ್ರುವಿನ ಗುರುತು ಹೇಗೆ ಸಿಕ್ಕುತ್ತದೆ? ಶಿಲೀಂಧ್ರದ ಮೈಯ ಗೋಡೆಯಲ್ಲಿ ಬೀಟಾಗ್ಲೂಕಾನ್ ಎಂಬ ಸಕ್ಕರೆಯ ಸರಪಣಿಯುಂಟು. ಅದು ಮನುಷ್ಯನ ದೇಹದಲ್ಲಿ ಎಲ್ಲಿಯೂ ಇಲ್ಲ. ಭಕ್ಷಕ ಕೋಶಗಳ ಮೇಲಿನ ಡೆಕ್ಟಿನ್-೧ ಎಂಬ ಕೈ ಆ ಸರಪಣಿಯನ್ನು ಹಿಡಿದು ಗುರುತಿಸುತ್ತದೆಂದು ೨೦೦೧ರಲ್ಲಿ ತಿಳಿದುಬಂದಿತು. ಅದಕ್ಕೆ ಮೊದಲು, ೧೯೯೬ರಲ್ಲಿ, ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ನರ ಶಾಲೆಯಲ್ಲಿ ಟೋಲ್ ಎಂಬ ಒಂದು ವಂಶವಾಹಿ ಕೆಟ್ಟ ಹಣ್ಣುನೊಣವು ಬೂಷ್ಟನ್ನು ತಡೆಯಲಾರದೆ ಮೈತುಂಬ ಎಳೆ ಹೊದ್ದು ಸತ್ತುದನ್ನು ಕಂಡಿದ್ದರು. ಆ ಶೋಧಕ್ಕಾಗಿ ಹಾಫ್‌ಮನ್ನರು ೨೦೧೧ರ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದರು. ನೊಣಕ್ಕೂ ನಮಗೂ ಈ ಕಾವಲಿನ ಮೂಲಸೂತ್ರ ಬಹುಮಟ್ಟಿಗೆ ಒಂದೇ.

ಗುರುತು ಸಿಕ್ಕೊಡನೆ ಕೂಗು ಹೊರಡುತ್ತದೆ. ರಕ್ತನಾಳಗಳು ಹಿಗ್ಗಿ, ಬಿಳಿಯ ರಕ್ತಕಣಗಳು ಹೊರಕ್ಕೆ ಜಿನುಗಿ, ಆ ಜಾಗವು ಕೆಂಪಾಗಿ ಊದುತ್ತದೆ, ಇದೇ ಉರಿಯೂತ. ಮೊದಲು ಧಾವಿಸುವವು ನ್ಯೂಟ್ರೊಫಿಲ್ ಎಂಬ ಅಲ್ಪಾಯುಷಿಗಳಾದ ಕಣಗಳು. ಅವು ಬೀಜಕಣವನ್ನು ನುಂಗಿ ಆಮ್ಲಜನಕದಿಂದ ಮಾಡಿದ ಉಗ್ರವಿಷಗಳಿಂದ ಸುಡುತ್ತವೆ. ಹುಟ್ಟಿನಿಂದಲೇ ಈ ವಿಷವನ್ನು ಮಾಡಲಾರದ ಮಕ್ಕಳಿಗೆ ಸಾಧಾರಣ ಬೂಷ್ಟೂ ಪ್ರಾಣಾಂತಿಕವಾಗುವುದುಂಟು. ಬೀಜಕಣವು ಮೊಳೆತು ಉದ್ದನೆಯ ಎಳೆಯಾಗಿಬಿಟ್ಟರೆ ನುಂಗುವುದು ಅಸಾಧ್ಯ. ಆಗ ಈ ಕಣಗಳು ತಮ್ಮ ಒಡಲಿನ ನೂಲನ್ನೇ ಬಿಚ್ಚಿ ಬಲೆಯಾಗಿ ಎಸೆದು, ತಾವು ಸತ್ತು ಶತ್ರುವನ್ನು ಕಟ್ಟಿಹಾಕುತ್ತವೆಂಬುದು ಈ ಶತಮಾನದ ಆರಂಭದ ಶೋಧ. ಅನಂತರ ಬರುವವು ಲಿಂಫೋಸೈಟುಗಳು. ಇವುಗಳಲ್ಲಿ ಒಂದು ಪಂಗಡವು ಇಂಟರ್‌ಲ್ಯೂಕಿನ್-೧೭ ಎಂಬ ದ್ರವ್ಯವನ್ನು ಹೊರಡಿಸಿ ಇನ್ನಷ್ಟು ನ್ಯೂಟ್ರೊಫಿಲುಗಳನ್ನು ಕರೆಯಿಸುತ್ತದೆ. ಈ ಕರೆ ಹುಟ್ಟಿನಿಂದಲೇ ಕೆಟ್ಟವರಿಗೆ ಬಾಯಿಯಲ್ಲಿಯೂ ಉಗುರುಗಳಲ್ಲಿಯೂ ಶಿಲೀಂಧ್ರದ ಬಿಳಿ ಪೊರೆ ಮತ್ತೆಮತ್ತೆ ಕಟ್ಟುತ್ತದೆ.

ಇಷ್ಟೇ ಆಗಿದ್ದರೆ ಕಾವಲುಗಾರರೇ ಮನೆಯನ್ನು ಸುಟ್ಟುಬಿಡುತ್ತಿದ್ದರು. ಹೊಲದ ಕೂಳೆಗೆ ಬೆಂಕಿ ಹಚ್ಚುವ ರೈತನು ಸುತ್ತಲೂ ಮೊದಲೇ ಹಸನಾದ ಒಂದು ಪಟ್ಟಿ ಹೊಡೆಯುವುದಿಲ್ಲವೇ? ದೇಹವೂ ಅಂತೆಯೇ ಮಾಡುತ್ತದೆ. ಉರಿಯನ್ನು ತಗ್ಗಿಸುವುದಕ್ಕಾಗಿ ಇಂಟರ್‌ಲ್ಯೂಕಿನ್-೧೦ ಎಂಬ ದ್ರವ್ಯವುಂಟು. ಕಾವಲಿನವರನ್ನು ಹದ್ದಿನಲ್ಲಿಡುವ ನಿಯಂತ್ರಕ ಲಿಂಫೋಸೈಟುಗಳೂ ಉಂಟು. ಈ ನಿಯಂತ್ರಕರನ್ನು ೧೯೯೫ರಲ್ಲಿ ಗುರುತಿಸಿದ ಜಪಾನಿನ ಸಾಕಾಗುಚಿ ಅವರಿಗೆ, ಇಬ್ಬರು ಅಮೆರಿಕದ ವಿಜ್ಞಾನಿಗಳೊಡನೆ, ೨೦೨೫ರ ನೊಬೆಲ್ ಪಾರಿತೋಷಕವು ಸಂದಿತು. ಸತ್ತ ನ್ಯೂಟ್ರೊಫಿಲುಗಳನ್ನು ದೊಡ್ಡ ಭಕ್ಷಕ ಕೋಶಗಳು ಸದ್ದಿಲ್ಲದೆ ನುಂಗಿ ಶುಚಿಮಾಡುವುದೂ ಇದರ ಒಂದು ಭಾಗ. ನಿಯಂತ್ರಣವು ಸಡಿಲವಾದರೆ ಉಬ್ಬಸದವರಲ್ಲಿ ಕೆಲವರಿಗೆ ಆಗುವಂತೆ, ನಿರುಪದ್ರವಿಯಾದ ಬೀಜಕಣಕ್ಕೂ ಶ್ವಾಸಕೋಶವು ಕೆರಳುತ್ತದೆ. ಬಿಗಿ ಹೆಚ್ಚಾದರೆ ಏನಾಗುವುದೆಂಬುದನ್ನು ೨೦೨೧ರ ಬೇಸಗೆಯಲ್ಲಿ ದೇಶವೇ ಕಂಡಿತು. ಕೋವಿಡ್ ರೋಗಿಗಳಿಗೆ ಉರಿಯೂತವನ್ನು ಅಡಗಿಸಲು ಸ್ಟಿರಾಯಿಡ್ ಔಷಧಗಳನ್ನು ಕೊಡುತ್ತಿದ್ದರು; ಅದು ಅನೇಕರ ಪ್ರಾಣವನ್ನು ಉಳಿಸಿದುದು ನಿಜ. ಆದರೆ ಹದವನ್ನು ಮೀರಿದ ಕಡೆ, ಅದರಲ್ಲಿಯೂ ಸಿಹಿಮೂತ್ರ ರೋಗವು ಹತೋಟಿಯಲ್ಲಿಲ್ಲದವರಲ್ಲಿ, ಕಪ್ಪು ಶಿಲೀಂಧ್ರವೆಂದು ಜನರು ಕರೆದ ಮ್ಯೂಕರ್ ಜಾತಿಯ ಬೂಷ್ಟು ಮೂಗಿನಿಂದ ಕಣ್ಣಿಗೂ ಮೆದುಳಿಗೂ ಏರಿ ಎಷ್ಟೋ ಜನರನ್ನು ಬಲಿತೆಗೆದುಕೊಂಡಿತು.

ಈಗ ಕಾರ್ಟರರ ಚಿತ್ರದ ಕರಿಯ ಕಾಳಿಗೆ ಮರಳೋಣ. ಆ ಕಾಳಿನಲ್ಲಿ ಶಿಲೀಂಧ್ರವು ಮೆಲನಿನ್ ಎಂಬ ಕರಿಯ ದ್ರವ್ಯವನ್ನು ಬಳಿದುಕೊಂಡು, ಗಾರೆಯಂಥ ವಸ್ತುವಿನಿಂದ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ನ್ಯೂಟ್ರೊಫಿಲುಗಳು ಸುತ್ತಲೂ ದಟ್ಟವಾಗಿ ಮುತ್ತುತ್ತವೆ. ಅವುಗಳ ಹೊರಗೆ ದೊಡ್ಡ ಭಕ್ಷಕ ಕೋಶಗಳು ಒಂದಕ್ಕೊಂದು ಕೂಡಿಕೊಂಡು ದೈತ್ಯಾಕಾರ ತಾಳುತ್ತವೆ. ಅದಕ್ಕೂ ಹೊರಗೆ ನಾರಿನ ಗೋಡೆ ಏಳುತ್ತದೆ. ದೇಹಕ್ಕೆ ಕಾಳನ್ನು ಒಡೆಯಲಾಗದು, ಕಾಳಿಗೆ ಮುತ್ತಿಗೆಯನ್ನು ಭೇದಿಸಿ ಒಮ್ಮೆಗೇ ಹರಡಲಾಗದು. ಹಲವು ವರ್ಷಗಳ ಈ ಮುತ್ತಿಗೆಯಲ್ಲಿ ಊತದ ಬಹುಭಾಗವು ಶಿಲೀಂಧ್ರದ್ದಲ್ಲ, ರಕ್ಷಣೆಗೆ ನಿಂತ ದೇಹದ್ದೇ. ಸುರಿಯುವ ಬಾಯಿಗಳು ಕಾಳನ್ನು ಹೊರಹಾಕಲು ದೇಹವು ಮಾಡಿಕೊಂಡ ದಾರಿಗಳು. ಈ ಬೇನೆಯುಳ್ಳ ಸೀಮೆಗಳಲ್ಲಿ ಆರೋಗ್ಯವಂತರನೇಕರ ರಕ್ತದಲ್ಲಿಯೂ ಶಿಲೀಂಧ್ರದ ವಿರುದ್ಧ ಹುಟ್ಟಿದ ಪ್ರತಿವಸ್ತುಗಳು ಕಂಡುಬಂದಿವೆ. ಎಂದರೆ ಅವರಿಗೂ ಮುಳ್ಳು ಚುಚ್ಚಿದ್ದಿತು, ಶಿಲೀಂಧ್ರವು ಒಳಹೊಕ್ಕಿದ್ದಿತು. ಕಾವಲುಗಾರರು ಅಂದೇ ಗೆದ್ದಿದ್ದರು.

ಕಾರ್ಟರರ ಮತವನ್ನು ಎಲ್ಲರೂ ಒಡನೆಯೇ ಒಪ್ಪಲಿಲ್ಲ. ಶೇಖರಿಸಿಟ್ಟ ಪಾದಗಳ ಮೇಲೆ ಬೆಳೆದ ಒಂದು ಕೆಂಪು ಬೂಷ್ಟನ್ನು ಇಂಗ್ಲೆಂಡಿನ ಬರ್ಕ್ಲಿ ಪಾದ್ರಿಗಳು ಪರೀಕ್ಷಿಸಿ, ೧೮೬೨ರಲ್ಲಿ ಅದಕ್ಕೆ ಕಾರ್ಟರ್ ಎಂಬ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದರು. ಅದು ರೋಗದ ಬೂಷ್ಟಾಗಿರದೆ ಹೊರಗಿನಿಂದ ಬಂದು ಕುಳಿತುದಾಗಿದ್ದಿತು. ವಿರೋಧಿಗಳಿಗೆ ಇಷ್ಟು ಸಾಕಾಯಿತು. ೧೮೭೪ರಲ್ಲಿ ಕಾರ್ಟರರು ತಾವೇ ಬರೆದ ವರ್ಣಚಿತ್ರಗಳೊಡನೆ ಮೈಸಿಟೋಮದ ಮೇಲಿನ ದೊಡ್ಡ ಗ್ರಂಥವನ್ನು ಲಂಡನ್ನಿನಲ್ಲಿ ಪ್ರಕಟಿಸಿದರೆ, ೧೮೭೫ರಲ್ಲಿ ಕಲಕತ್ತೆಯ ಲೂಯಿಸ್ ಮತ್ತು ಕನಿಂಗ್‌ಹ್ಯಾಮ್ ಎಂಬ ವೈದ್ಯರು ಶಿಲೀಂಧ್ರವು ರೋಗಕ್ಕೆ ಕಾರಣವೆಂಬುದನ್ನೇ ಶಂಕಿಸಿದರು. ಕಾಳಿನಿಂದ ಶಿಲೀಂಧ್ರವನ್ನು ಬೇರ್ಪಡಿಸಿ ಪಾತ್ರೆಯಲ್ಲಿ ಬೆಳೆಸಿ ತೋರಿಸುವ ವಿದ್ಯೆ ಆಗಿನ್ನೂ ಕೈಗೆ ಬಂದಿರಲಿಲ್ಲ. ಕಾರ್ಟರರು ವಾಗ್ವಾದವನ್ನು ಬೆಳೆಸುವ ಸ್ವಭಾವದವರಲ್ಲ. ಪರೀಕ್ಷೆಯನ್ನು ಮಾತ್ರ ಬಿಡಲಿಲ್ಲ. ೧೮೮೬ರಲ್ಲಿ, ಬಿಳಿಯ ಕಾಳಿನ ಬೇನೆಯು ದನಗಳ ದವಡೆಯಲ್ಲಿ ಗಡ್ಡೆ ಕಟ್ಟುವ ಆಕ್ಟಿನೊಮೈಕೋಸಿಸ್ ಎಂಬ ರೋಗವನ್ನು ಹೋಲುವುದೆಂದು ತೋರಿಸಿದರು. ಇದು ಬಹಳ ಸೂಕ್ಷ್ಮವಾದ ದೃಷ್ಟಿ. ಬಿಳಿಯ ಕಾಳುಗಳಲ್ಲಿ ಹೆಚ್ಚಿನವು ನಿಜವಾದ ಬೂಷ್ಟಲ್ಲ, ಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಗಳೆಂದು ವಿನ್ಸೆಂಟ್ ಎಂಬವರು ೧೮೯೪ರಲ್ಲಿ ಆಲ್ಜೀರಿಯದ ರೋಗಿಯೊಬ್ಬನಿಂದ ಬೇರ್ಪಡಿಸಿದ ಸಸಿಯಿಂದ ವಿಶದವಾಗತೊಡಗಿತು.

ಈ ಭೇದವು ಬರಿಯ ಪಂಡಿತರ ಸೊತ್ತಲ್ಲ, ಕಾಲು ಉಳಿಯುವುದೂ ಹೋಗುವುದೂ ಇದರ ಮೇಲೆ ನಿಂತಿದೆ. ಬ್ಯಾಕ್ಟೀರಿಯದ ಬಗೆಗೆ ಪ್ರತಿಜೀವಕ ಔಷಧಗಳು ಚೆನ್ನಾಗಿ ತಾಗುತ್ತವೆ, ದಕ್ಷಿಣ ಭಾರತದಲ್ಲಿ ಈ ಬಗೆಯೇ ಹೆಚ್ಚು. ಶಿಲೀಂಧ್ರದ ಬಗೆಗೆ ಇಟ್ರಾಕೊನಜೋಲಿನಂಥ ಔಷಧವನ್ನು ಅನೇಕ ತಿಂಗಳು ಕೊಟ್ಟು, ಗಂಟು ಚಿಕ್ಕದಿರುವಾಗಲೇ ಶಸ್ತ್ರದಿಂದ ತೆಗೆಯಬೇಕಾಗುತ್ತದೆ. ಯಾವುದು ಯಾವುದೆಂದು ನಿರ್ಣಯಿಸಲು ಕಾಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಲೇಬೇಕು. ನೋವಿಲ್ಲವೆಂಬ ಕಾರಣದಿಂದ ಬಡವನು ಆಸ್ಪತ್ರೆಗೆ ಹೋಗುವುದು ಕಾಳು ಎಲುಬನ್ನು ಹೊಕ್ಕ ಮೇಲೆಯೇ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೬ರಲ್ಲಿ ಮೈಸಿಟೋಮವನ್ನು ಅಲಕ್ಷಿತವಾದ ಉಷ್ಣವಲಯ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಗಾಡ್‌ಫ್ರೆ ಅವರು ಬಳ್ಳಾರಿಯಿಂದ ಬರೆದು ಆಗ ೧೭೦ ವರ್ಷಗಳಾಗಿದ್ದುವು.

ಕಾರ್ಟರರ ಉಳಿದ ಜೀವನವೂ ಬಡವರ ಬೇನೆಗಳಲ್ಲಿಯೇ ಕಳೆಯಿತು. ೧೮೬೩ರಿಂದ ೧೮೭೨ರ ವರೆಗೆ ಸಾತಾರೆಯಲ್ಲಿ ಸಿವಿಲ್ ಸರ್ಜನರಾಗಿದ್ದರು. ಆಮೇಲೆ ರಜೆಯಲ್ಲಿದ್ದಾಗ ವಿಶ್ರಮಿಸದೆ ನಾರ್ವೆ ದೇಶಕ್ಕೆ ಹೋಗಿ, ಹ್ಯಾನ್ಸನ್ ಪಂಡಿತರು ಕುಷ್ಠದ ಕ್ರಿಮಿಯನ್ನು ಕಂಡ ೧೮೭೩ರ ವರ್ಷದಲ್ಲಿಯೇ, ಅಲ್ಲಿಯ ಕುಷ್ಠಾಲಯಗಳನ್ನು ನೋಡಿಬಂದರು. ಹಿಂದಿರುಗಿ ಕಾಠೇವಾಡದಲ್ಲಿ ಅದೇ ರೋಗದ ಸಮೀಕ್ಷೆ ನಡೆಸಿದರು. ಅಷ್ಟರಲ್ಲಿ ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮವು ಬಂದೆರಗಿತು. ಬಳ್ಳಾರಿ ಸೀಮೆಯು ಆ ಬರದಲ್ಲಿ ಬೆಂದುಹೋದ ಕಥೆಯನ್ನು ನಮ್ಮ ಅಜ್ಜಂದಿರು ಅವರ ಅಜ್ಜಂದಿರಿಂದ ಕೇಳಿದ್ದರು. ಹಸಿದ ಜನರು ಗುಂಪುಗುಂಪಾಗಿ ಮುಂಬಯಿಯನ್ನು ಸೇರಿದಾಗ, ೧೮೭೭ರಲ್ಲಿ, ಬಿಟ್ಟುಬಿಟ್ಟು ಬರುವ ಒಂದು ಜ್ವರವು ಅವರಲ್ಲಿ ಹಬ್ಬಿತು. ಕಾರ್ಟರರು ಆ ರೋಗಿಗಳ ರಕ್ತದಲ್ಲಿ ತಿರುಪಿನಾಕಾರದ ಕ್ರಿಮಿಯನ್ನು ಕಂಡರು, ಕೋತಿಗಳಿಗೆ ಆ ರಕ್ತವನ್ನು ಚುಚ್ಚಿ ಜ್ವರ ಬರುವುದನ್ನು ಪರೀಕ್ಷಿಸಿದರು, ತಾವೂ ಆ ಜ್ವರಕ್ಕೆ ತುತ್ತಾಗಿ ಹೇಗೋ ಉಳಿದುಕೊಂಡರು. ೧೮೮೨ರಲ್ಲಿ ಅದನ್ನು ಕುರಿತು ಬರೆದ ಗ್ರಂಥಕ್ಕೆ ಬಹಳ ಮನ್ನಣೆ ದೊರೆಯಿತು. ಮಲೇರಿಯದ ರಕ್ತಕ್ರಿಮಿಯನ್ನು ನಮ್ಮ ದೇಶದಲ್ಲಿ ಮೊದಮೊದಲು ನೋಡಿ ಚಿತ್ರಿಸಿದವರಲ್ಲಿಯೂ ಅವರೊಬ್ಬರು.

೧೮೮೮ರಲ್ಲಿ ಅವರು ನಿವೃತ್ತರಾಗಿ ಬಾಲ್ಯವನ್ನು ಕಳೆದ ಸ್ಕಾರ್‌ಬರೋ ಎಂಬ ಕಡಲತೀರದ ಊರಿಗೆ ಮರಳಿದರು. ಭಾರತದಲ್ಲಿ ಕಳೆದುದು ೩೦ ವರ್ಷ. ಸುಮಾರು ಅರವತ್ತರ ಪ್ರಾಯದಲ್ಲಿ, ೧೮೯೦ರಲ್ಲಿ, ಮತ್ತೆ ವಿವಾಹವಾಗಿ ಒಂದು ಗಂಡು, ಒಂದು ಹೆಣ್ಣು ಮಗುವಿನ ತಂದೆಯಾದರು. ಎಷ್ಟೋ ವರ್ಷ ಒಂಟಿಯಾಗಿದ್ದ ಆ ಜೀವಕ್ಕೆ ಕೊನೆಗಾಲದಲ್ಲಿ ಮನೆಯ ಸುಖವು ಲಭಿಸಿತೆಂಬುದು ಸಮಾಧಾನದ ಸಂಗತಿ. ಅದೇ ವರ್ಷ ರಾಣಿಯ ಗೌರವ ಶಸ್ತ್ರವೈದ್ಯರೆಂಬ ಪದವಿಯೂ ಬಂದಿತು. ೧೮೯೭ರ ಮೇ ತಿಂಗಳಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಅದರ ಮರುವರ್ಷ, ೧೮೯೮ರಲ್ಲಿ, ಅಮೆರಿಕದ ಬಾಸ್ಟನ್ ನಗರದಲ್ಲಿ ಜೇಮ್ಸ್ ಹೋಮರ್ ರೈಟ್ ಎಂಬ ವೈದ್ಯರು ರೋಗಿಯೊಬ್ಬರ ಪಾದದಿಂದ ತೆಗೆದ ಕರಿಯ ಕಾಳುಗಳನ್ನು ತೊಳೆದು, ಪೋಷಕ ದ್ರವ್ಯದಲ್ಲಿಟ್ಟು ಕಾದರು. ಕೆಲವು ದಿನಗಳಲ್ಲಿ ಕಾಳಿನ ಮೈಯಿಂದ ಬೂಷ್ಟಿನ ಎಳೆಗಳು ಹೊರಟುವು.